ಮೇಲೆ ಹೋದ ಮಾಹಿತಿ ಕೆಳಗೂ ಇಳಿಯಲಿ

ದೇಶದ ಆರೋಗ್ಯ ವ್ಯವಸ್ಥೆಯನ್ನು ಕಂಪ್ಯೂಟರಿಗೆ ಏರಿಸುವ ದೊಡ್ಡ ಕೆಲಸ ಹದಿನೈದಕ್ಕೂ ಹೆಚ್ಚು ವರ್ಷಗಳಿಂದ ನಡೆಯುತ್ತಿದೆ. ಅದರ ಭಾರವನ್ನು ಹೊತ್ತಿರುವವರು ಹಳ್ಳಿಯ ಆಶಾ ಕಾರ್ಯಕರ್ತೆಯರು, ಉಪಕೇಂದ್ರದ ಸಿಬ್ಬಂದಿ, ತಾಲ್ಲೂಕು ಆಸ್ಪತ್ರೆಯ ನರ್ಸ್‌ಗಳು. ಹಾಸನ ಜಿಲ್ಲೆಯ ಅನುಭವವನ್ನು ಮುಂದಿಟ್ಟುಕೊಂಡು ನೋಡಿದರೆ ಈ ಕೆಲಸ ಎಲ್ಲಿ ಕೈಗೂಡಿದೆ, ಎಲ್ಲಿ ಎಡವಿದೆ ಎಂಬುದು ಸ್ಪಷ್ಟವಾಗುತ್ತದೆ.

2025ರ ಜೂನ್ ಹಾಸನ ಜಿಲ್ಲೆಯ ಮಟ್ಟಿಗೆ ಭಯದ ತಿಂಗಳು. ಬೆಳಗಾದರೆ ಯಾವುದಾದರೊಂದು ತಾಲ್ಲೂಕಿನಿಂದ ಹೃದಯಾಘಾತದ ಸುದ್ದಿ. ಸತ್ತವರಲ್ಲಿ ಇಪ್ಪತ್ತು, ಮೂವತ್ತರ ಪ್ರಾಯದವರೂ ಇದ್ದರು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು ಎಂಬ ಲೆಕ್ಕ ಟಿ.ವಿ. ಪರದೆಯ ಮೇಲೆ ದಿನದಿನಕ್ಕೂ ಏರುತ್ತಿತ್ತು. ಎದೆಯಲ್ಲಿ ಸಣ್ಣಗೆ ಉರಿ ಕಾಣಿಸಿಕೊಂಡವರೂ ಇಸಿಜಿ ಮಾಡಿಸಲು ಓಡಿದರು. ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಮುಂಜಾನೆಯೇ ಸಾಲು ನಿಂತಿತು. ಕೋವಿಡ್ ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟದ್ದೂ ಒಂದು ಕಾರಣವಿರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಶಂಕೆ ವ್ಯಕ್ತಪಡಿಸಿದರು. ಐಸಿಎಂಆರ್ ಮತ್ತು ದೆಹಲಿಯ ಏಮ್ಸ್ ನಡೆಸಿದ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಂಡಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಹೇಳಿತು.

ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ರಾಜ್ಯ ಸರ್ಕಾರ ತಜ್ಞರ ಸಮಿತಿ ರಚಿಸಿತು. ಜುಲೈನಲ್ಲಿ ವರದಿ ಬಂತು. ಸುದ್ದಿಯಾಗಿದ್ದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಉಳಿದ ನಾಲ್ಕಕ್ಕೆ ಕಾರಣವೇ ಬೇರೆ. ಆ ಇಪ್ಪತ್ತರಲ್ಲೂ ಎಲ್ಲವೂ ದಾಖಲೆಯಿಂದ ದೃಢಪಟ್ಟವಲ್ಲ, ಕೆಲವನ್ನು ‘ಸಂಭವನೀಯ’ ಎಂದಷ್ಟೇ ಹೇಳಲು ಸಾಧ್ಯವಾಯಿತು. ಆಸ್ಪತ್ರೆಗಳ ದಾಖಲಾತಿಯನ್ನು ಹಿಂದಿನ ತಿಂಗಳುಗಳ ಜೊತೆ ಹೋಲಿಸಿದಾಗ ಅಸಹಜ ಏರಿಕೆ ಕಾಣಲಿಲ್ಲ. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಇನ್ನು ಮುಂದೆ ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು.

ಸಮಿತಿ ತನ್ನ ಕೆಲಸ ಮಾಡಿತು. ಆದರೆ ಆ ನಲವತ್ತು ದಿನ ಜಿಲ್ಲೆಯ ಜನ ಕೇಳುತ್ತಿದ್ದ ಪ್ರಶ್ನೆ ಬಹಳ ಸರಳವಾಗಿತ್ತು: ‘ನಮ್ಮಲ್ಲಿ ನಿಜವಾಗಿ ಸಾವು ಹೆಚ್ಚಾಗಿದೆಯಾ?’ ಹಿಂದಿನ ವರ್ಷ ಇದೇ ತಿಂಗಳಲ್ಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಎಷ್ಟು ಮಂದಿ ಹೃದಯಾಘಾತದಿಂದ ಸತ್ತಿದ್ದರು ಎಂಬ ಅಂಕಿ ಕೈಯಲ್ಲಿದ್ದರೆ ಅರ್ಧ ದಿನದಲ್ಲಿ ಉತ್ತರ ಸಿಗಬೇಕಿತ್ತು. ಅದು ಸಿಗದೆ ಆ ಜಾಗವನ್ನು ವದಂತಿ ತುಂಬಿತು. ಹದಿನೈದಕ್ಕೂ ಹೆಚ್ಚು ವರ್ಷಗಳಿಂದ ಅಂಕಿಅಂಶವನ್ನು ಮೇಲಕ್ಕೆ ಕಳಿಸುತ್ತಾ ಬಂದ ಜಿಲ್ಲೆಗೆ, ತನ್ನ ಬಗ್ಗೆ ತಾನೇ ಕೇಳಿಕೊಂಡ ಮೊದಲ ದೊಡ್ಡ ಪ್ರಶ್ನೆಗೆ ಉತ್ತರವಿರಲಿಲ್ಲ. ದೇಶದ ಡಿಜಿಟಲ್ ಆರೋಗ್ಯ ಯೋಜನೆಗಳ ಮುಖ್ಯ ಕೊರತೆ ಇದೇ ಎಂಬುದು ನನ್ನ ನಂಬಿಕೆ.

ಪೋರ್ಟಲ್ ಮೇಲೆ ಪೋರ್ಟಲ್

ಕಂಪ್ಯೂಟರ್ ನಮ್ಮ ಆರೋಗ್ಯ ಕೇಂದ್ರಗಳಿಗೆ ಬಂದದ್ದು ನಿನ್ನೆ ಮೊನ್ನೆಯಲ್ಲ. ಆರೋಗ್ಯ ಕೇಂದ್ರಗಳ ಮಾಸಿಕ ವರದಿಗಳಿಗಾಗಿ ಎಚ್‌ಎಂಐಎಸ್ ಪೋರ್ಟಲ್ ಶುರುವಾದದ್ದು 2008ರಲ್ಲಿ. ಮರುವರ್ಷ ಗರ್ಭಿಣಿಯರನ್ನು, ಮಕ್ಕಳನ್ನು ಹೆಸರು ಹಿಡಿದು ಗುರುತಿಸುವ ಎಂಸಿಟಿಎಸ್ ಬಂತು. ಅದೇ ಮುಂದೆ ಆರ್‌ಸಿಎಚ್ ಪೋರ್ಟಲ್ ಆಯಿತು. ಕ್ಷಯರೋಗಿಗಳಿಗೆ 2012ರಲ್ಲಿ ನಿಕ್ಷಯ್. ಉಪಕೇಂದ್ರದ ಎಎನ್‌ಎಂಗಳು ಟ್ಯಾಬ್‌ನಲ್ಲಿ ತುಂಬಲು 2016ರಲ್ಲಿ ಅನಮೋಲ್. ಸಾಂಕ್ರಾಮಿಕ ರೋಗಗಳ ಮೇಲೆ ನಿಗಾ ಇಡುವ ಐಎಚ್‌ಐಪಿ 2018ರ ನವೆಂಬರ್‌ನಲ್ಲಿ ಮೊದಲು ಕಾಲಿಟ್ಟ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದೂರ ವೈದ್ಯಕೀಯ ಸಲಹೆಗೆ ಇ-ಸಂಜೀವಿನಿ, ಬಿಪಿ ಮತ್ತು ಸಕ್ಕರೆ ಕಾಯಿಲೆಯವರಿಗೆ ಎನ್‌ಸಿಡಿ ಪೋರ್ಟಲ್, ಲಸಿಕೆಗೆ ಕೋವಿನ್, ಅಂಗನವಾಡಿಗೆ ಪೋಷಣ್ ಟ್ರ್ಯಾಕರ್. ಜನನ ಮರಣ ನೋಂದಣಿಗೆ ನಮ್ಮ ರಾಜ್ಯದ ಇ-ಜನ್ಮ ಬೇರೆ.

ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ಬೇಡವೆನ್ನುವಂಥದ್ದು ಯಾವುದೂ ಇಲ್ಲ. ಕ್ಷಯರೋಗಿ ಮಾತ್ರೆ ನಿಲ್ಲಿಸಿದ್ದು ಗೊತ್ತಾಗಬೇಕು, ಡೆಂಗಿ ಎಲ್ಲಿ ಏರುತ್ತಿದೆ ಎಂಬುದು ತಿಳಿಯಬೇಕು, ಮಗುವಿನ ಲಸಿಕೆ ತಪ್ಪಬಾರದು. ತೊಂದರೆ ಇರುವುದು ಇವೆಲ್ಲ ಬೇರೆ ಬೇರೆ ವಿಭಾಗಗಳ, ಬೇರೆ ಬೇರೆ ಕಾಲದ ಕೂಸುಗಳಾಗಿರುವುದರಲ್ಲಿ. ದೆಹಲಿಯಲ್ಲಿ ಹತ್ತು ಮೇಜಿನಿಂದ ಹೊರಟ ಹತ್ತು ತಂತ್ರಾಂಶಗಳು ಕೆಳಗಿಳಿದು ಬಂದು ಸೇರುವುದು ಒಬ್ಬಳೇ ಹೆಣ್ಣುಮಗಳ ಮೇಜಿಗೆ. ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ ಎಂಬುದು ನಿಯಮ. ಅಲ್ಲಿನ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಅಂದರೆ ಎಎನ್‌ಎಂ, ಬೆಳಿಗ್ಗೆ ಲಸಿಕೆ ಹಾಕಿ, ಮಧ್ಯಾಹ್ನ ಮನೆಭೇಟಿ ಮುಗಿಸಿ, ಸಂಜೆ ಕೂತು ಅದೇ ಗರ್ಭಿಣಿಯ ಹೆಸರು, ವಯಸ್ಸು, ಊರು, ಫೋನ್ ನಂಬರನ್ನು ಒಂದಾದ ಮೇಲೊಂದು ಪರದೆಯಲ್ಲಿ ತುಂಬಬೇಕು. ಇಷ್ಟಾದರೂ ಪುಸ್ತಕದ ರಿಜಿಸ್ಟರ್ ತಪ್ಪಿಲ್ಲ. ತಪಾಸಣೆಗೆ ಬರುವ ಮೇಲಧಿಕಾರಿ ಮೊದಲು ಕೇಳುವುದು ರಿಜಿಸ್ಟರನ್ನೇ. ಸರ್ವರ್ ಕೈಕೊಟ್ಟ ದಿನ ಉಳಿಯುವುದೂ ಅದೇ.

ಕೆಲಸ ಹಗುರಾಗಲೆಂದು ತಂದ ಯಂತ್ರ ಹೀಗೆ ಕೆಲಸವನ್ನು ದುಪ್ಪಟ್ಟು ಮಾಡಿತು. ದುಪ್ಪಟ್ಟಾದ ಕೆಲಸದಲ್ಲಿ ಅಂಕಿಯ ಗುಣಮಟ್ಟ ಕುಸಿಯುವುದು ಸಹಜ. ತಿಂಗಳ ಕೊನೆಯ ದಿನ ‘ಇವತ್ತೇ ಎಂಟ್ರಿ ಮುಗಿಸಿ’ ಎಂಬ ವಾಟ್ಸಾಪ್ ಸಂದೇಶ ಬಂದಾಗ ಎಷ್ಟೋ ಕಡೆ ಪರದೆಗೆ ಏರುವುದು ಅಳೆದು ನೋಡಿದ ರಕ್ತದೊತ್ತಡವಲ್ಲ, ಅಂದಾಜಿನ 120/80.

ತವರಿಗೆ ಹೋದ ಬಸುರಿ

ರಾಷ್ಟ್ರೀಯ ತಂತ್ರಾಂಶವೊಂದು ಹಳ್ಳಿಯ ಬದುಕನ್ನು ಹೇಗೆ ತಪ್ಪಾಗಿ ಓದುತ್ತದೆ ಎಂಬುದಕ್ಕೆ ಹೆರಿಗೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆ ಕಡೆಯ ಹಳ್ಳಿಗೆ ಮದುವೆಯಾಗಿ ಬಂದ, ಅರಕಲಗೂಡಿನ ಕೊಣನೂರು ಕಡೆಯ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಮುಟ್ಟು ನಿಂತದ್ದು ಗೊತ್ತಾಗುತ್ತಿದ್ದಂತೆ ಗಂಡನ ಊರಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಾಳೆ. ಆರ್‌ಸಿಎಚ್ ಪೋರ್ಟಲ್‌ನಲ್ಲಿ ಹನ್ನೆರಡು ಅಂಕಿಯ ಗುರುತಿನ ಸಂಖ್ಯೆ ಹುಟ್ಟುತ್ತದೆ. ತಾಯಿ ಕಾರ್ಡ್ ಕೈಗೆ ಬರುತ್ತದೆ. ಮೊದಲ ತಪಾಸಣೆ, ಟಿ.ಡಿ. ಇಂಜೆಕ್ಷನ್, ಕಬ್ಬಿಣಾಂಶದ ಮಾತ್ರೆ ಎಲ್ಲವೂ ದಾಖಲಾಗುತ್ತವೆ. ಏಳನೇ ತಿಂಗಳಲ್ಲಿ ಸೀಮಂತ. ಅಪ್ಪ ಅಮ್ಮ ಬಂದು ಮಗಳನ್ನು ತವರಿಗೆ ಕರೆದೊಯ್ಯುತ್ತಾರೆ. ಮೊದಲ ಹೆರಿಗೆ ತವರಲ್ಲೇ ಆಗಬೇಕೆಂಬುದು ನಮ್ಮ ಕಡೆಯ ವಾಡಿಕೆ.

ಚನ್ನರಾಯಪಟ್ಟಣದ ಪರದೆಯಲ್ಲಿ ಆಕೆ ಅಲ್ಲಿಗೆ ನಿಂತುಹೋಗುತ್ತಾಳೆ. ಕೊಣನೂರಿನಲ್ಲಿ ತಾಯಿ ಕಾರ್ಡ್ ತೋರಿಸಿದರೆ ಹಳೆಯ ಸಂಖ್ಯೆಯಲ್ಲೇ ಮುಂದುವರಿಸಬಹುದು. ಆದರೆ ಕಾರ್ಡ್ ಗಂಡನ ಮನೆಯ ಬೀರುವಿನಲ್ಲಿ ಉಳಿದಿದ್ದರೆ? ಮೊಬೈಲ್ ನಂಬರ್ ಬದಲಾಗಿದ್ದರೆ? ಆಧಾರ್‌ನಲ್ಲಿ ಇನ್ನೂ ತಂದೆಯ ಹೆಸರು, ಪೋರ್ಟಲ್‌ನಲ್ಲಿ ಗಂಡನ ಹೆಸರು ಇದ್ದರೆ? ಅಲ್ಲಿನ ಸಿಬ್ಬಂದಿ ಹೊಸದಾಗಿ ನೋಂದಾಯಿಸುತ್ತಾರೆ. ಈಗ ದೇಶದ ಲೆಕ್ಕದಲ್ಲಿ ಇಬ್ಬರು ಗರ್ಭಿಣಿಯರು. ಒಬ್ಬಳು ಏಳನೇ ತಿಂಗಳಿಂದ ತಪಾಸಣೆಗೆ ಬಂದಿಲ್ಲ. ಇನ್ನೊಬ್ಬಳು ಮೊದಲ ಆರು ತಿಂಗಳು ಯಾವ ಆರೈಕೆಯನ್ನೂ ಪಡೆದಿಲ್ಲ. ಹೆರಿಗೆ ತೊಡಕಾಗಿ ಆಕೆಯನ್ನು ಮೈಸೂರಿಗೆ ಕಳಿಸಿದರೆ ಅಲ್ಲಿ ಮೂರನೆಯ ದಾಖಲೆ. ಮೊದಲ ತಿಂಗಳುಗಳಲ್ಲಿ ರಕ್ತಹೀನತೆ ಇತ್ತೇ, ಬಿಪಿ ಏರಿತ್ತೇ ಎಂದು ಹೆರಿಗೆ ಕೋಣೆಯ ವೈದ್ಯರಿಗೆ ತುರ್ತಾಗಿ ಬೇಕಾದ ಮಾಹಿತಿ ಚನ್ನರಾಯಪಟ್ಟಣದ ಪರದೆಯಲ್ಲೇ ಉಳಿಯುತ್ತದೆ.

ಇದರ ಪೆಟ್ಟು ಮೊದಲು ಬೀಳುವುದು ಆಶಾ ಕಾರ್ಯಕರ್ತೆಯ ಮೇಲೆ. ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾಗಳಿದ್ದಾರೆ. ಅವರಿಗೆ ಸಿಗುವ ಹಣದಲ್ಲಿ ಒಂದು ಪಾಲು ಮಾಡಿದ ಕೆಲಸಕ್ಕೆ ತಕ್ಕಂತೆ ಕೊಡುವ ಪ್ರೋತ್ಸಾಹಧನ. ಆ ಪ್ರೋತ್ಸಾಹಧನವನ್ನು ಪೋರ್ಟಲ್ ದಾಖಲೆಗೆ ಜೋಡಿಸಿದ ಮೇಲೆ, ಪರದೆಯಲ್ಲಿ ಕಾಣದ ಕೆಲಸಕ್ಕೆ ದುಡ್ಡೂ ಇಲ್ಲ ಎಂಬ ಸ್ಥಿತಿ ಬಂತು. ಆರು ತಿಂಗಳು ಮನೆ ಬಾಗಿಲಿಗೆ ಓಡಾಡಿದವಳು ಒಬ್ಬಳು, ಹೆರಿಗೆಯ ದಿನ ಜೊತೆಗಿದ್ದವಳು ಇನ್ನೊಬ್ಬಳು. ತಂತ್ರಾಂಶಕ್ಕೆ ಈ ಇಬ್ಬರ ಶ್ರಮವನ್ನು ಹಂಚಿ ನೋಡಲು ಬರುವುದಿಲ್ಲ. 2020ರ ಜನವರಿಯಲ್ಲಿ ರಾಜ್ಯದ ಮೂಲೆಮೂಲೆಗಳಿಂದ ಆಶಾಗಳು ಬೆಂಗಳೂರಿಗೆ ಬಂದು ಪ್ರತಿಭಟಿಸಿದಾಗಲೂ, 2025ರ ಜನವರಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ರಾತ್ರಿ ಕಳೆದಾಗಲೂ ಗೌರವಧನದ ಬೇಡಿಕೆಯ ಪಕ್ಕದಲ್ಲೇ ಈ ಪೋರ್ಟಲ್ ದೂರೂ ಇತ್ತು. ಮಾಡಿದ ಕೆಲಸವನ್ನು ಯಂತ್ರ ಒಪ್ಪದಿದ್ದರೆ ಸಂಬಳ ಕಡಿತವಾಗುವ ಅನ್ಯಾಯವನ್ನು ಯಾವ ಕಚೇರಿಯ ನೌಕರರೂ ಒಂದು ತಿಂಗಳು ಸಹಿಸಲಾರರು. ಇವರು ವರ್ಷಗಟ್ಟಲೆ ಸಹಿಸಿದ್ದಾರೆ.

‘ಒಟಿಪಿ ಬಂತಾ ಅಜ್ಜಿ?’

ಚೆದುರಿಹೋದ ಈ ದಾಖಲೆಗಳನ್ನೆಲ್ಲ ಒಂದೇ ಎಳೆಯಲ್ಲಿ ಪೋಣಿಸುವುದಕ್ಕೆಂದೇ ಬಂದದ್ದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್. 2020ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ ನರೇಂದ್ರ ಮೋದಿ ಇದನ್ನು ಘೋಷಿಸಿದರು. ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗ ನಡೆಸಿ 2021ರ ಸೆಪ್ಟೆಂಬರ್ 27ರಂದು ಇಡೀ ದೇಶಕ್ಕೆ ವಿಸ್ತರಿಸಲಾಯಿತು. 2022ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ಐದು ವರ್ಷಕ್ಕೆ 1,600 ಕೋಟಿ ರೂಪಾಯಿಗೆ ಒಪ್ಪಿಗೆ ನೀಡಿತು. ಪ್ರತಿಯೊಬ್ಬರಿಗೂ ‘ಅಭಾ’ ಎಂಬ ಹದಿನಾಲ್ಕು ಅಂಕಿಯ ಸಂಖ್ಯೆ. ವೈದ್ಯರಿಗೊಂದು ನೋಂದಣಿ, ಆಸ್ಪತ್ರೆಗೊಂದು ನೋಂದಣಿ. ರೋಗಿ ಒಪ್ಪಿದರೆ ಮಾತ್ರ ಒಂದು ಆಸ್ಪತ್ರೆಯ ದಾಖಲೆ ಇನ್ನೊಂದು ಆಸ್ಪತ್ರೆಗೆ ಕಾಣುವ ಏರ್ಪಾಡು. ದಾಖಲೆಗಳೆಲ್ಲ ಒಂದೇ ಕಡೆ ರಾಶಿ ಬೀಳದೆ ಆಯಾ ಆಸ್ಪತ್ರೆಯಲ್ಲೇ ಉಳಿದು, ಬೇಕಾದಾಗ ಸಂಪರ್ಕಕ್ಕೆ ಬರುವ ವಿನ್ಯಾಸ. ಕಾಗದದ ಮೇಲೆ ಇದು ವಿವೇಕದ ಯೋಜನೆ. 2025ರ ಆರಂಭದ ಹೊತ್ತಿಗೆ 70 ಕೋಟಿಗೂ ಹೆಚ್ಚು ಅಭಾ ಸಂಖ್ಯೆಗಳು ಸೃಷ್ಟಿಯಾಗಿದ್ದವು.

ಆದರೆ ಸಂಖ್ಯೆ ಹುಟ್ಟಿಸುವುದು ಬೇರೆ, ಅದು ರೋಗಿಯ ಕೈಯಲ್ಲಿ ಕೆಲಸಕ್ಕೆ ಬರುವುದು ಬೇರೆ. ತಾಲ್ಲೂಕು ಆಸ್ಪತ್ರೆಯೊಂದರ ಹೊರರೋಗಿ ಚೀಟಿ ಕೌಂಟರಿನಲ್ಲಿ ಸೋಮವಾರ ಬೆಳಿಗ್ಗೆ ಕೇಳಿಬರುವ ಮಾತು ಇಂಥದ್ದು:

‘ಅಜ್ಜಿ, ಫೋನ್‌ಗೆ ಒಂದು ನಂಬರ್ ಬಂದಿರುತ್ತೆ, ಹೇಳಿ. ಒಟಿಪಿ ಬಂತಾ ಅಜ್ಜಿ?’

‘ಫೋನು ಮಗನ ತಾವ ಐತೆ ಕಣವ್ವ. ಅವ್ನು ಬೆಂಗಳೂರಲ್ಲವ್ನೆ.’

ಹಿಂದೆ ನಿಂತವರು ಗೊಣಗುತ್ತಾರೆ. ಆಪರೇಟರ್ ಮಗನಿಗೆ ಫೋನ್ ಮಾಡಿಸುತ್ತಾರೆ. ಆತ ಪೀಣ್ಯದ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದಾನೆ, ಫೋನ್ ಎತ್ತುವುದಿಲ್ಲ. ಎತ್ತಿದರೂ ಒಟಿಪಿ ಹೇಳಲು ಹಿಂಜರಿಯುತ್ತಾನೆ. ಆತನ ತಪ್ಪೇನೂ ಇಲ್ಲ. ‘ಯಾರಿಗೂ ಒಟಿಪಿ ಹೇಳಬೇಡಿ’ ಎಂದು ಬ್ಯಾಂಕೂ ಪೊಲೀಸರೂ ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಕೊನೆಗೆ ಆಪರೇಟರ್ ಅಭಾ ಬಿಟ್ಟು ಮಾಮೂಲಿ ಚೀಟಿ ಬರೆದುಕೊಡುತ್ತಾರೆ, ಇಲ್ಲವೇ ಮತ್ಯಾರದ್ದೋ ನಂಬರ್ ಹಾಕಿ ಮುಂದಿನವರನ್ನು ಕರೆಯುತ್ತಾರೆ. ಹೀಗೆ ಒಂದು ನಂಬರಿನ ಕೆಳಗೆ ಸಂಬಂಧವೇ ಇಲ್ಲದ ಹಲವರು ಸೇರಿಕೊಂಡರೆ ಯಾರ ಕಾಯಿಲೆ ಯಾರದೆಂದು ಮುಂದೆ ಹೇಳುವವರು ಯಾರು?

ಸ್ಮಾರ್ಟ್‌ಫೋನ್ ಇದ್ದವರಿಗೆ ಇದೇ ವ್ಯವಸ್ಥೆ ನಿಜವಾಗಿಯೂ ವರ. ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ಪದ್ಧತಿ ದೊಡ್ಡ ಆಸ್ಪತ್ರೆಗಳಲ್ಲಿ ಸಾಲಿನ ಹೊತ್ತನ್ನು ಕಡಿಮೆ ಮಾಡಿದೆ. ಆದರೆ ಸರ್ಕಾರಿ ಆಸ್ಪತ್ರೆಗೆ ಹೆಚ್ಚಾಗಿ ಬರುವವರು ಯಾರು? ವಯಸ್ಸಾದವರು, ಕೂಲಿಯವರು, ಹೆಂಗಸರು, ಫೋನ್ ಸ್ವಂತದ್ದಲ್ಲದವರು. ಇದೇ ಪಾಠವನ್ನು ಕೋವಿನ್ ಒಮ್ಮೆ ಕಲಿಸಿತ್ತು. 2021ರ ಬೇಸಿಗೆಯಲ್ಲಿ 18ರಿಂದ 44ರ ವಯಸ್ಸಿನವರ ಲಸಿಕೆಗೆ ಆನ್‌ಲೈನ್ ನೋಂದಣಿ ಕಡ್ಡಾಯವಾಗಿದ್ದಾಗ ಬೆಂಗಳೂರಿನ ಯುವಕರು ಕಾರಿನಲ್ಲಿ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಬಂದು ಲಸಿಕೆ ಹಾಕಿಸಿಕೊಂಡು ಹೋದರು. ಅದೇ ಹಳ್ಳಿಯವರಿಗೆ ಸ್ಲಾಟ್ ಸಿಗಲಿಲ್ಲ. ಡಿಜಿಟಲ್ ಅಂತರದ ಬಗ್ಗೆ ಸುಪ್ರೀಂ ಕೋರ್ಟ್ ಪ್ರಶ್ನೆ ಎತ್ತಿತು. ಮೇ ಕೊನೆಯ ವಾರದಲ್ಲಿ ಸ್ಥಳದಲ್ಲೇ ನೋಂದಣಿಗೆ ಅವಕಾಶ ಸಿಕ್ಕಿತು, ಜೂನ್‌ನಲ್ಲಿ ಕೋವಿನ್ ಪರದೆಗೆ ಕನ್ನಡ ಬಂತು. ದಾರಿ ಸರಿಪಡಿಸಿದ ಮೇಲೆ ಅದೇ ಕೋವಿನ್ 200 ಕೋಟಿಗೂ ಹೆಚ್ಚು ಡೋಸ್‌ಗಳ ಲೆಕ್ಕ ಇಟ್ಟಿತು. ಯಂತ್ರ ಸೋಲಲಿಲ್ಲ. ಯಾರಿಗಾಗಿ ಮಾಡುತ್ತಿದ್ದೇವೆ ಎಂಬುದನ್ನು ಮೊದಲೇ ಯೋಚಿಸದೆ ಹೋದದ್ದಕ್ಕೆ ಬೆಲೆ ತೆರಬೇಕಾಯಿತು.

ರೋಗಿಗೆ ಜಿಲ್ಲೆಯ ಗಡಿ ಇಲ್ಲ

ಇನ್ನೊಂದು ತೊಡಕು ನಮ್ಮ ಭೂಗೋಳದ್ದು. ಹೊಳೆನರಸೀಪುರದವರು ದೊಡ್ಡ ಕಾಯಿಲೆಗೆ ಹಾಸನಕ್ಕೂ ಹೋಗುತ್ತಾರೆ, ಮೈಸೂರಿಗೂ ಹೋಗುತ್ತಾರೆ. ಚನ್ನರಾಯಪಟ್ಟಣದವರು ಹೆದ್ದಾರಿ ಹಿಡಿದು ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಆಸ್ಪತ್ರೆಗೋ ಬೆಂಗಳೂರಿಗೋ ಹೋಗುತ್ತಾರೆ. ಅರಕಲಗೂಡಿನ ಕೊಣನೂರು, ರಾಮನಾಥಪುರದವರಿಗೆ ಕುಶಾಲನಗರ ಹತ್ತಿರ. ಅವರ ಕೈಯಲ್ಲಿರುವ ಪ್ಲಾಸ್ಟಿಕ್ ಕವರೇ ಅವರ ನಿಜವಾದ ಆರೋಗ್ಯ ದಾಖಲೆ. ಅದರಲ್ಲಿ ಸ್ಕ್ಯಾನಿಂಗ್ ಫಿಲ್ಮು, ಮಾಸಿದ ಇಸಿಜಿ, ಮೂರು ಆಸ್ಪತ್ರೆಯ ಚೀಟಿ, ಖಾಲಿ ಮಾತ್ರೆಯ ಹಾಳೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಎನ್‌ಐಸಿ ರೂಪಿಸಿದ ಇ-ಹಾಸ್ಪಿಟಲ್ ಒಂದು ಬಗೆ, ಖಾಸಗಿ ಆಸ್ಪತ್ರೆಗಳದು ತಲೆಗೊಂದು ಬಗೆಯ ತಂತ್ರಾಂಶ. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ, ಹಳ್ಳಿ ಕ್ಲಿನಿಕ್‌ಗಳಲ್ಲಿ ತಂತ್ರಾಂಶವೇ ಇಲ್ಲ. ಬೆಳಿಗ್ಗೆ ನೂರು ಮಂದಿಯನ್ನು ನೋಡಬೇಕಾದ ವೈದ್ಯರಿಗೆ ಒಬ್ಬೊಬ್ಬರ ವಿವರವನ್ನೂ ಟೈಪ್ ಮಾಡಲು ಸಮಯವೂ ಇಲ್ಲ, ಸಹಾಯಕರೂ ಇಲ್ಲ. ಚೀಟಿ ಕೌಂಟರಿನವರೆಗೆ ಡಿಜಿಟಲ್, ವೈದ್ಯರ ಮೇಜಿನಿಂದಾಚೆ ಪೆನ್ನು. ಇದು ಬಹುತೇಕ ಆಸ್ಪತ್ರೆಗಳ ವಾಸ್ತವ.

ಸಾವಿನ ದಾಖಲೆಯಲ್ಲಂತೂ ಈ ಕೊರತೆ ಇನ್ನೂ ಆಳ. ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ 22.5ರಷ್ಟು ಮಾತ್ರ. ಮನೆಯಲ್ಲಿ, ಹೊಲದಲ್ಲಿ, ಬಸ್ಸಿನಲ್ಲಿ ಸತ್ತವರಿಗೆ ‘ಎದೆನೋವು ಅಂದ್ರು, ಹೋಗೇಬಿಟ್ರು’ ಎಂಬ ಮನೆಯವರ ಮಾತೇ ದಾಖಲೆ. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದು, ಆಸ್ಪತ್ರೆಗಳು ಸಾವಿನ ಕಾರಣದ ಪ್ರಮಾಣಪತ್ರವನ್ನು ಉಚಿತವಾಗಿ ಕೊಡಬೇಕೆಂದಾಯಿತು. ಆದರೆ ಆಸ್ಪತ್ರೆ ತಲುಪದೆ ಸತ್ತವರ ಪ್ರಶ್ನೆ ಹಾಗೇ ಉಳಿಯಿತು. ಹಾಸನದ ಜೂನ್ ತಿಂಗಳ ಗಾಬರಿಗೆ ಬೇರು ಇರುವುದು ಇಲ್ಲಿ.

ಇಂಗ್ಲೆಂಡ್ ತೆತ್ತ ಬೆಲೆ

ಈ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ಇಂಗ್ಲೆಂಡ್ ತನ್ನ ಇಡೀ ಸಾರ್ವಜನಿಕ ಆರೋಗ್ಯ ಸೇವೆಯನ್ನು ಒಂದೇ ಜಾಲಕ್ಕೆ ತರುವ ಯೋಜನೆಯನ್ನು 2002ರಲ್ಲಿ ಆರಂಭಿಸಿತು. ಲಂಡನ್‌ನಲ್ಲಿ ಕೂತು ದೊಡ್ಡ ಕಂಪನಿಗಳಿಗೆ ದೊಡ್ಡ ಗುತ್ತಿಗೆ ಕೊಟ್ಟರು. ಆಸ್ಪತ್ರೆಯ ವೈದ್ಯರನ್ನು, ನರ್ಸ್‌ಗಳನ್ನು ಕೇಳಿದ್ದು ಕಡಿಮೆ. ಆಸ್ಪತ್ರೆಗಳು ತಾವೇ ಬೆಳೆಸಿಕೊಂಡಿದ್ದ, ಚೆನ್ನಾಗಿ ನಡೆಯುತ್ತಿದ್ದ ವ್ಯವಸ್ಥೆಗಳನ್ನು ಬದಿಗೆ ಸರಿಸಲಾಯಿತು. ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು. ಆಕ್ಸೆಂಚರ್ 2006ರಲ್ಲಿ ಗುತ್ತಿಗೆಯಿಂದ ಹಿಂದೆ ಸರಿಯಿತು, 2008ರಲ್ಲಿ ಫುಜಿತ್ಸು ಹೊರಬಿತ್ತು. 2011ರಲ್ಲಿ ಸರ್ಕಾರವೇ ಯೋಜನೆಯನ್ನು ಬಿಡಿಸಿ ಹಾಕುವುದಾಗಿ ಘೋಷಿಸಿತು. ಎರಡು ವರ್ಷದ ಬಳಿಕ ಅಲ್ಲಿನ ಸಂಸತ್ತಿನ ಲೆಕ್ಕಪತ್ರ ಸಮಿತಿ ನೀಡಿದ ಅಂದಾಜಿನ ಪ್ರಕಾರ ಒಟ್ಟು ವೆಚ್ಚ 980 ಕೋಟಿ ಪೌಂಡ್. ಅದರಲ್ಲಿ ಎಕ್ಸ್‌ರೇ ಚಿತ್ರಗಳನ್ನು ಹಂಚಿಕೊಳ್ಳುವ ವ್ಯವಸ್ಥೆಯಂಥ ಕೆಲವು ಭಾಗಗಳು ಉಳಿದುಕೊಂಡವು. ವೈದ್ಯರಿಗೆ ಆ ದಿನವೇ ಉಪಯೋಗ ಕಂಡದ್ದು ಬದುಕಿತು. ಅವರನ್ನು ಕೇಳದೆ ಹೇರಿದ್ದು ಬಿದ್ದುಹೋಯಿತು.

ಡೆನ್ಮಾರ್ಕ್ ಬೇರೆ ದಾರಿ ಹಿಡಿಯಿತು. ಎಲ್ಲರೂ ಒಂದೇ ತಂತ್ರಾಂಶ ಬಳಸಿ ಎನ್ನಲಿಲ್ಲ. ವೈದ್ಯರು, ಪ್ರಯೋಗಾಲಯ, ಔಷಧ ಅಂಗಡಿ ಪರಸ್ಪರ ಕಳಿಸುವ ಸಂದೇಶಗಳಿಗೆ 1994ರಿಂದಲೇ ಒಂದೊಂದಾಗಿ ಮಾನದಂಡ ಕಟ್ಟುತ್ತಾ ಬಂದಿತು. 2003ರಲ್ಲಿ ನಾಗರಿಕರು ತಮ್ಮ ದಾಖಲೆಯನ್ನು ತಾವೇ ನೋಡುವ ಜಾಲತಾಣ ತೆರೆಯಿತು. ಅಲ್ಲಿನ ಜನಸಂಖ್ಯೆ ಸಣ್ಣದು, ನಮ್ಮ ಜೊತೆ ಹೋಲಿಸಲಾಗದು ಎನ್ನಬಹುದು. ಆದರೆ ಸಣ್ಣ ಕೆಲಸದಿಂದ ಶುರು ಮಾಡಿ, ಅದು ಉಪಯೋಗವಾಯಿತೆಂದು ಕಂಡ ಮೇಲೆ ಮುಂದಿನ ಹೆಜ್ಜೆ ಇಡುವುದಕ್ಕೆ ಜನಸಂಖ್ಯೆ ಅಡ್ಡಿಯಲ್ಲ.

ನಾಲ್ಕೈದು ನಿಮಿಷದಲ್ಲಿ ಬರುವ ಉತ್ತರ

ಅಷ್ಟು ದೂರ ಹೋಗಬೇಕಿಲ್ಲ. ಒಳ್ಳೆಯ ಮಾದರಿ ನಮ್ಮಲ್ಲೇ ಇದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರ ನವೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಹೃದಯ ಜ್ಯೋತಿ ಯೋಜನೆಗೆ ಚಾಲನೆ ಕೊಟ್ಟಿತು.

ಎದೆನೋವೆಂದು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಯುತ್ತಾರೆ. ಅದು ಆ ಕ್ಷಣವೇ ಜಾಲದ ಮೂಲಕ ಜಯದೇವದಂಥ ಕೇಂದ್ರ ಆಸ್ಪತ್ರೆಯ ತಜ್ಞರಿಗೆ ತಲುಪುತ್ತದೆ. ಕೃತಕ ಬುದ್ಧಿಮತ್ತೆ ಮೊದಲು ಓದುತ್ತದೆ, ತಜ್ಞರು ನೋಡಿ ಖಚಿತಪಡಿಸುತ್ತಾರೆ. ನಾಲ್ಕೈದು ನಿಮಿಷದಲ್ಲಿ ‘ಇದು ಗಂಭೀರ ಹೃದಯಾಘಾತ’ ಅಥವಾ ‘ಹೆದರಬೇಕಿಲ್ಲ’ ಎಂಬ ಉತ್ತರ ತಾಲ್ಲೂಕು ಆಸ್ಪತ್ರೆಯ ಮೊಬೈಲ್‌ಗೆ ಬರುತ್ತದೆ. ಗಂಭೀರವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ರೋಗಿ ಸುಧಾರಿಸಿದ ಮೇಲೆ ಹಾಸನಕ್ಕೋ ಮೈಸೂರಿಗೋ ಕಳಿಸುತ್ತಾರೆ. ಎದೆನೋವು ಶುರುವಾದ ಮೊದಲ ಗಂಟೆಯಲ್ಲಿ ಚಿಕಿತ್ಸೆ ಸಿಕ್ಕರೆ ಹೃದಯದ ಸ್ನಾಯು ಉಳಿಯುತ್ತದೆ. ಅರಕಲಗೂಡಿನಿಂದ ಮೈಸೂರಿಗೆ ಆಂಬುಲೆನ್ಸ್ ಹತ್ತಿದರೆ ಆ ಗಂಟೆ ದಾರಿಯಲ್ಲೇ ಕಳೆದುಹೋಗುತ್ತದೆ. ಹಾಸನದ ಸಾವುಗಳ ನಂತರ ಈ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸಲು ಸರ್ಕಾರ ತೀರ್ಮಾನಿಸಿತು.

ಇದೂ ಮಾಹಿತಿ ತಂತ್ರಜ್ಞಾನವೇ, ಇದಕ್ಕೂ ಇಂಟರ್‌ನೆಟ್ ಬೇಕು, ತರಬೇತಿ ಬೇಕು. ಆದರೆ ಇಲ್ಲಿ ನರ್ಸ್ ಕಳಿಸಿದ ಮಾಹಿತಿ ಅವರ ಕೈಗೇ ಉತ್ತರವಾಗಿ ಮರಳುತ್ತದೆ, ಅದರಿಂದ ಕಣ್ಣೆದುರಿನ ಜೀವ ಉಳಿಯುತ್ತದೆ. ಹಾಗಾಗಿ ಯಾರೂ ‘ಎಂಟ್ರಿ ಮಾಡಿ’ ಎಂದು ನೆನಪಿಸಬೇಕಿಲ್ಲ. ಇದಕ್ಕೂ ಮುಂಚೆ, ಈ ಶತಮಾನದ ಆರಂಭದಲ್ಲಿ, ಇಸ್ರೊ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದೂ ಇದೇ ತತ್ವದ ಮೇಲೆ. ಹಾಸನಕ್ಕೆ ಉಪಗ್ರಹದ ಮಾತು ಹೊಸದಲ್ಲ. ಇಸ್ರೊದ ಸಂವಹನ ಉಪಗ್ರಹಗಳನ್ನು ನಿಯಂತ್ರಿಸುವ ಮುಖ್ಯ ಕೇಂದ್ರ 1982ರಿಂದ ಇರುವುದೇ ಹಾಸನದಲ್ಲಿ.

ಗುಟ್ಟು ಗುಟ್ಟಾಗಿರಲಿ

ದಾಖಲೆ ಡಿಜಿಟಲ್ ಆದಷ್ಟೂ ಅದರ ರಕ್ಷಣೆಯ ಹೊಣೆ ಹೆಚ್ಚುತ್ತದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿಯಾಗಿ, ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ಸುಮಾರು ಎರಡು ವಾರದ ಕಾಲ ಕೈಬರಹಕ್ಕೆ ಮರಳಬೇಕಾಯಿತು. ಕೋವಿಡ್ ಲಸಿಕೆಗೆಂದು ಆಧಾರ್ ಕೊಟ್ಟವರಿಗೆ ಸರಿಯಾಗಿ ಕೇಳದೆಯೇ ಆರೋಗ್ಯ ಐಡಿ ಸೃಷ್ಟಿಯಾಯಿತು ಎಂಬ ದೂರು 2021ರಲ್ಲಿ ವ್ಯಾಪಕವಾಗಿ ಕೇಳಿಬಂತು. ಹಳ್ಳಿಯಲ್ಲಿ ಒಬ್ಬರ ಕ್ಷಯ, ಒಬ್ಬರ ಎಚ್‌ಐವಿ, ಒಬ್ಬಳ ಗರ್ಭಪಾತ ಊರಿಗೆ ತಿಳಿದರೆ ಅವರ ಬದುಕೇ ಕದಡುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಆದರೆ ಒಪ್ಪಿಗೆ ಎಂಬುದು ಇಂಗ್ಲಿಷಿನ ನಾಲ್ಕು ಪುಟದ ಕೆಳಗೆ ಒತ್ತುವ ಗುಂಡಿಯಾದರೆ ಅದು ಒಪ್ಪಿಗೆಯಲ್ಲ. ‘ನಿಮ್ಮ ಕಾಯಿಲೆ ವಿವರ ಹಾಸನದ ಡಾಕ್ಟರಿಗೂ ಕಾಣುತ್ತೆ, ಪರವಾಗಿಲ್ಲವಾ?’ ಎಂದು ಕನ್ನಡದಲ್ಲಿ ಕೇಳಿ, ಬೇಡವೆಂದರೂ ಚಿಕಿತ್ಸೆ ಸಿಗುತ್ತದೆ ಎಂದು ಹೇಳುವುದು ಒಪ್ಪಿಗೆ.

ಆಗಬೇಕಾದ್ದು

ಈ ಎಲ್ಲ ಅನುಭವದಿಂದ ಹೊರಡುವ ಕೆಲಸಗಳು ಅಸಾಧ್ಯವಾದವಲ್ಲ. ಮೊದಲನೆಯದಾಗಿ, ಒಮ್ಮೆ ತುಂಬಿದ ವಿವರವನ್ನು ಎರಡನೇ ಸಲ ಕೇಳಬಾರದು. ಆರ್‌ಸಿಎಚ್, ಎನ್‌ಸಿಡಿ, ಪೋಷಣ್ ಟ್ರ್ಯಾಕರ್ ಒಂದರ ಮಾಹಿತಿಯನ್ನು ಇನ್ನೊಂದು ತಾನೇ ಪಡೆಯುವಂತಾಗಬೇಕು. ಹೊಸ ಪೋರ್ಟಲ್ ತರುವ ಇಲಾಖೆ ಹಳೆಯದೊಂದನ್ನು ಮುಚ್ಚಿ ತರಲಿ. ಪರದೆ ಭದ್ರವಾದ ಕೇಂದ್ರದಲ್ಲಿ ರಿಜಿಸ್ಟರ್ ನಿಲ್ಲಲಿ. ತವರಿಗೆ ಹೋದವಳ ದಾಖಲೆ ಅವಳ ಜೊತೆಗೇ ಹೋಗುವ ದಾರಿಯನ್ನು ತಂತ್ರಾಂಶ ಸುಲಭ ಮಾಡಲಿ, ಯಾಕೆಂದರೆ ನಮ್ಮಲ್ಲಿ ಅದು ವಾಡಿಕೆ, ಅಪವಾದವಲ್ಲ.

ಎರಡನೆಯದಾಗಿ, ಆಶಾಗಳ ಪ್ರೋತ್ಸಾಹಧನವನ್ನು ಪೋರ್ಟಲ್‌ನ ದೋಷದಿಂದ ಬಿಡಿಸಬೇಕು. ಉಪಕೇಂದ್ರದ ಸಿಬ್ಬಂದಿ ದೃಢೀಕರಿಸಿದ ಕೆಲಸಕ್ಕೆ ಹಣ ಸಿಗಲೇಬೇಕು, ಎಂಟ್ರಿ ಆಮೇಲೆ ಸರಿಹೋಗಲಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಡೇಟಾ ಎಂಟ್ರಿಗೆಂದೇ ಒಬ್ಬರು ಬೇಕು. ಚೀಟಿ ಕೌಂಟರಿನಲ್ಲಿ ಫೋನಿಲ್ಲದವರಿಗೆ ಒಟಿಪಿ ಇಲ್ಲದ ದಾರಿ ಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಳಿಸಿದ ಅಂಕಿ ಊರಿಗೆ ಮರಳಬೇಕು. ಹಳ್ಳಿಮೈಸೂರಿನ ವೈದ್ಯಾಧಿಕಾರಿಗೆ, ನುಗ್ಗೇಹಳ್ಳಿಯ ಸಮುದಾಯ ಆರೋಗ್ಯ ಅಧಿಕಾರಿಗೆ, ಮಲ್ಲಿಪಟ್ಟಣದ ಆಶಾಗೆ ತಮ್ಮ ಊರಿನ ಚಿತ್ರ ತಿಂಗಳಿಗೊಮ್ಮೆ ಕನ್ನಡದ ಒಂದು ಪುಟದಲ್ಲಿ ಸಿಗಲಿ: ಬಿಪಿ ಹತೋಟಿಗೆ ಬರದವರು ಎಷ್ಟು, ಲಸಿಕೆ ತಪ್ಪಿದ ಮಕ್ಕಳು ಯಾರು, ಯಾವ ಕಾರಣಕ್ಕೆ ಎಷ್ಟು ಸಾವು. ಅದು ಗ್ರಾಮಸಭೆಯಲ್ಲಿ ಹೆಸರುಗಳಿಲ್ಲದೆ ಓದುವಂತಾಗಲಿ. ಹಠಾತ್ ಸಾವುಗಳ ಕಡ್ಡಾಯ ವರದಿಯ ತೀರ್ಮಾನ ಆದೇಶದಲ್ಲೇ ಉಳಿಯದೆ, ಪ್ರತಿ ತಾಲ್ಲೂಕಿನ ಹೃದಯಾಘಾತದ ಅಂಕಿ ಪ್ರತಿ ತಿಂಗಳು ಸಾರ್ವಜನಿಕರ ಮುಂದೆ ಬರಲಿ. ಹಾಗಾದರೆ ಮುಂದಿನ ಸಲ ವದಂತಿ ಹಬ್ಬುವ ಮುಂಚೆಯೇ ಜಿಲ್ಲಾ ಆರೋಗ್ಯಾಧಿಕಾರಿ ಅಂಕಿ ತೋರಿಸಿ ಮಾತಾಡಬಹುದು.

ಓದುಗರಾದ ನಾವೂ ಸುಮ್ಮನೆ ಕೂರುವಂತಿಲ್ಲ. ಮನೆಯ ಹಿರಿಯರ ಆಧಾರ್‌ಗೆ ಯಾರ ಫೋನ್ ನಂಬರ್ ಜೋಡಿಸಿದೆ ಎಂದು ಇವತ್ತೇ ನೋಡಿ. ಬಸುರಿ ಮಗಳು ತವರಿಗೆ ಬರುವಾಗ ತಾಯಿ ಕಾರ್ಡ್ ತಂದಳೇ ಎಂದು ಕೇಳಿ. ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ಚರಂಡಿಯ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿ: ‘ಕಳೆದ ವರ್ಷ ನಮ್ಮ ಪಂಚಾಯಿತಿಯಲ್ಲಿ ಎಷ್ಟು ಮಂದಿ, ಯಾವ ಕಾಯಿಲೆಯಿಂದ ಸತ್ತರು?’ ಉತ್ತರ ಸಿಗುವವರೆಗೆ ಕೇಳುತ್ತಲೇ ಇರಿ. ನಮ್ಮ ಆಶಾಗಳು ನಮ್ಮ ಮನೆ ಬಾಗಿಲಿಗೆ ಬಂದು ಬರೆದುಕೊಂಡು ಹೋದ ಲೆಕ್ಕ ಅದು. ಅದರ ಮೇಲೆ ಮೊದಲ ಹಕ್ಕು ನಮ್ಮದು.